ನೆಲ ನೋಡಿ ನಡೆದವನು

ವೇಸ್ಟ್‌ಕೋಟಿನ ಗುಂಡಿ ಹಾಕಿಕೊಳ್ಳುವಷ್ಟು ಹೊತ್ತೂ ಕಣ್ಣು ಕೈಯ ಮೇಲೆಯೇ ಇರಬೇಕಾಗಿತ್ತು. ಹೊರಗೆ ಕುದುರೆಗೆ ಜೀನು ಬಿಗಿಯುವ ಸದ್ದು ಕೇಳಿ ಮೇಬ್ರಿ ಕಿಟಕಿಯ ಕಡೆ ತಿರುಗಿದ್ದೇ ತಡ, ಎಡಗೈ ಬೆರಳುಗಳು ಎಲ್ಲಿವೆ, ಗುಂಡಿಯನ್ನು ಹಿಡಿದಿವೆಯೋ ಬಿಟ್ಟಿವೆಯೋ ತಿಳಿಯದೆ ಹೋಯಿತು. ನೋಡಿದರೆ ಗುಂಡಿಯನ್ನು ಬಿಟ್ಟು ಬಟ್ಟೆಯ ಅಂಚನ್ನು ಚಿವುಟಿ ಹಿಡಿದಿದ್ದವು. ಯಾರದೋ ಕೈಯನ್ನು ತಂದು ತನ್ನ ತೋಳಿಗೆ ಹೊಲಿದ ಹಾಗೆ. ಚಳಿಗಾಲದಲ್ಲಿ ಶುರುವಾದಾಗ ಜೋಮು ಅಂದುಕೊಂಡಿದ್ದ. ಜೋಮು ಬರುತ್ತದೆ, ಹೋಗುತ್ತದೆ. ಇದು ಬಂದದ್ದು ಮನೆ ಮಾಡಿಕೊಂಡು ಕೂತುಬಿಟ್ಟಿತ್ತು. ಮೊನ್ನೆ ಪೈಪಿನ ಕೆಂಡ ಬೆರಳ ಸಂದಿಗೆ ಬಿದ್ದದ್ದು ಗೊತ್ತಾಗಿದ್ದು ಸುಟ್ಟ ಚರ್ಮದ ವಾಸನೆ ಮೂಗಿಗೆ ಬಡಿದ ಮೇಲೆ. ನೋವಿರಲಿಲ್ಲ. ಕದಿಯುವಾಗ ಸಿಕ್ಕಿಬಿದ್ದವನ ಹಾಗೆ ಸುತ್ತ ನೋಡಿದ್ದ. ಜಗುಲಿಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಸೆಕೆ ತಾಳದೆ ಜೂನ್ ತಿಂಗಳಲ್ಲೇ ಗುಡ್ಡದ ಬುಗ್ಗೆಗಳ ಊರಿಗೆ ಹೋದವಳು ಚುನಾವಣೆ ಹೊತ್ತಿಗೆ ಬರುತ್ತೇನೆಂದಿದ್ದಳು. ಡಾಕ್ಟರ್ ಮೇಬ್ರಿಯ ಕೈಗುಣ ಒಳ್ಳೆಯದು ಎಂದು ಇಡೀ ಜಿಲ್ಲೆ ಹೇಳುತ್ತಿತ್ತು. ಆ ಮಾತು ನೆನಪಾಗಿ ಅವನು ಕೈಯನ್ನು ಕೋಟಿನ ಜೇಬಿಗೆ ಹಾಕಿ, ಜೇಬಿನಲ್ಲಿದೆಯೇ ಎಂದು ಒಮ್ಮೆ ಬಗ್ಗಿ ನೋಡಿಕೊಂಡು, ಮೆಟ್ಟಿಲಿಳಿದ.

ಊಟದ ಕೋಣೆಯಲ್ಲಿ ಕಾಫಿ ಬಗ್ಗಿಸಿಟ್ಟು ಹೋಗಬೇಕಾದ ಡಾರ್ಕಸ್ ಹೋಗದೆ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಜೋಳದ ರೊಟ್ಟಿ, ಹುರಿದ ಹಂದಿಮಾಂಸ, ಕಾಕಂಬಿ, ಎಲ್ಲ ಎಂದಿನಂತೆಯೇ ಇತ್ತು; ಅವಳು ನಿಂತಿದ್ದೊಂದೇ ಎಂದಿನಂತಿರಲಿಲ್ಲ. ಮೇಬ್ರಿಗೆ ಕಾರಣ ಗೊತ್ತಿತ್ತು, ಗೊತ್ತಿದ್ದರಿಂದಲೇ ತಟ್ಟೆಯಿಂದ ತಲೆ ಎತ್ತಲಿಲ್ಲ. ಹೆಂಡತಿಯ ತೌರಿನಿಂದ ಪಿಂಗಾಣಿ ಪಾತ್ರೆಗಳ ಜೊತೆ ಬಳುವಳಿಯಾಗಿ ಬಂದವಳು ಡಾರ್ಕಸ್. ಅವಳ ಗಂಡ ಐಸಮ್ ನದಿಯ ಮೇಲುಭಾಗದ ಕರ್ನಲ್ ಟೀಗ್‌ನ ಗುಲಾಮ. ಶನಿವಾರ ಸಂಜೆ ಒಡೆಯನ ಅಪ್ಪಣೆ ಪಡೆದು ನಡೆದು ಬಂದು ಭಾನುವಾರ ಸಂಜೆ ನಡೆದು ಹೋಗುವ ಗಂಡ. ಈ ವರ್ಷ ಅವನು ಬರುವುದು ತಡವಾಗುತ್ತ ತಡವಾಗುತ್ತ, ಕೊನೆಗೆ ನಿಂತೇ ಹೋಗಿತ್ತು. ಕಾಲು ತನ್ನ ಮಾತು ಕೇಳುತ್ತಿಲ್ಲ ಅನ್ನುತ್ತಾನಂತೆ. ಕರ್ನಲ್ ಅದನ್ನು ನಂಬಿರಲಿಲ್ಲ. ಓಕ್ಮಲ್ಗಿ ನದಿಯ ಜೌಗಿನಲ್ಲಿ ರೈಲುಹಾದಿಗೆ ಏರಿ ಹಾಕಿಸುತ್ತಿದ್ದ ಕಂತ್ರಾಟುದಾರನಿಗೆ ಅವನನ್ನು ಬಾಡಿಗೆಗೆ ಕೊಡಲು ಮಾತಾಡಿದ್ದ. ಹೋದ ವರ್ಷ ಆ ಜೌಗಿಗೆ ಹೋದವರಲ್ಲಿ ತಿರುಗಿ ಬಂದವರು ಕಡಿಮೆ. ಸತ್ತವರನ್ನು ಹೊತ್ತು ತರುವ ಗೋಜಿಗೆ ಹೋಗದೆ ಏರಿಯೊಳಗೇ ಹಾಕಿ ಮಣ್ಣು ಎಳೆಯುತ್ತಾರೆಂದು ಗುಡಿಸಲುಗಳಲ್ಲಿ ಮಾತಿತ್ತು. ಮೈ ನೆಟ್ಟಗಿಲ್ಲದವರನ್ನು ತನ್ನ ತಲೆಗೆ ಕಟ್ಟಿದರೆಂದು ಕಂತ್ರಾಟುದಾರ ಜಗಳ ತೆಗೆದ ಮೇಲೆ, ಡಾಕ್ಟರು ನೋಡಿ ಹೂಂ ಅಂದವನನ್ನಷ್ಟೇ ಅವನು ಕರೆದೊಯ್ಯುತ್ತಿದ್ದ. ಇವತ್ತು ಐಸಮ್‌ನನ್ನು ನೋಡಿ ಹೂಂ ಅನ್ನಬೇಕಾದವನು, ಇಲ್ಲವೇ ಊಹೂಂ ಅನ್ನಬೇಕಾದವನು ಮೇಬ್ರಿ.

“ಕಾಲಿಲ್ಲ ಅಂತ ಒಂದ್ ಮಾತು ಅಂದ್‌ಬಿಡಿ ಧಣಿ, ಸಾಕು,” ಅಂದಳು ಡಾರ್ಕಸ್. “ಕರ್ನಲ್ ಅವನ್ನ ಜೋಡು ಹೊಲಿಯಕ್ಕೆ ಕೂರಿಸ್ತಾರೆ. ಕೂತ್ಕಂಡು ಹೊಲೀಲಿ. ನನ್ ಹತ್ರ ಬರದಿದ್ರೂ ಚಿಂತಿಲ್ಲ. ಇದಾನೆ ಅಂತ ಗೊತ್ತಿದ್ರೆ ಆಯ್ತು.”

ನೋಡದೆ ತಾನೇನು ಹೇಳಲಿ, ಕಾಯಿಲೆ ನಟಿಸುವವರು ಊರು ತುಂಬ ಇದ್ದಾರೆ ಎಂದು ಮೇಬ್ರಿ ಕಾಫಿಯ ಲೋಟಕ್ಕೆ ಹೇಳಿದ. ಅದಕ್ಕೆ ಅವಳು, ಉಪ್ಪು ಮುಗಿದಿದೆ ಅನ್ನುವಷ್ಟೇ ಸಪ್ಪೆಯಾಗಿ, ನಟಿಸುವವನಾಗಿದ್ದರೆ ಹುಡುಗಿಯನ್ನು ಅಲಬಾಮಕ್ಕೆ ಕಳಿಸಿದಾಗಲೇ ನಟಿಸುತ್ತಿದ್ದ, ಅವತ್ತೂ ಅವನು ಕೆಲಸಕ್ಕೆ ಹೋದ ಎಂದಳು. ಹುಡುಗಿಯನ್ನು ಕಳಿಸಿದ್ದು ಮೇಬ್ರಿಯೇ. ತನ್ನ ಮಗಳು ಮದುವೆಯಾಗಿ ಅಲ್ಲಿಗೆ ಹೊರಟಾಗ ಹೆಂಡತಿ ಬೆಳ್ಳಿ ಚಮಚೆಗಳನ್ನು ಕೊಟ್ಟಳು, ಅವನು ಡಾರ್ಕಸ್‌ಳ ಮಗಳನ್ನು ಕೊಟ್ಟ. ಬಂಡಿ ಹೊರಡುವಾಗ ಡಾರ್ಕಸ್ ಅಳಲಿಲ್ಲ, ಒಲೆಯ ಮುಂದೆ ಕೂತು ಹಿಟ್ಟು ನಾದುತ್ತಿದ್ದಳು. ಅದನ್ನು ನೋಡಿ ಇವರಿಗೆ ಈ ಸಂಬಂಧಗಳೆಲ್ಲ ಅಷ್ಟಕ್ಕಷ್ಟೇ ಎಂದು ಅವನು ಹೆಂಡತಿಗೆ ಹೇಳಿದ್ದ, ಹೆಂಡತಿ ಸಮಾಧಾನದಿಂದ ತಲೆಯಾಡಿಸಿದ್ದಳು. ಅವತ್ತು ರಾತ್ರಿಯ ರೊಟ್ಟಿ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಯಾರೂ ಆ ಮಾತೆತ್ತದೆ ತಿಂದರು. ಈಗಲೂ ಮೇಬ್ರಿ ಮಾತೆತ್ತದೆ ತಟ್ಟೆ ಸರಿಸಿ ಎದ್ದ, ಲೋಟ ಉರುಳಿತು. ಎಡಗೈ ತಗುಲಿತ್ತು, ಅವನಿಗೆ ಗೊತ್ತಾಗಿರಲಿಲ್ಲ. ಡಾರ್ಕಸ್ ಬಟ್ಟೆ ತಂದು ಒರೆಸಿದಳು.

ದಾರಿಯುದ್ದಕ್ಕೂ ಹತ್ತಿಯ ಹೊಲಗಳು. ಕಾಯಿ ಒಡೆಯಲು ಇನ್ನೂ ವಾರಗಳಿದ್ದವು, ಬಿಸಿಲು ಮಾತ್ರ ಒಡೆದು ಸುರಿಯುತ್ತಿತ್ತು. ಲಗಾಮು ಬಲಗೈಯಲ್ಲಿ, ಎಡಗೈ ತೊಡೆಯ ಮೇಲೆ. ಟೀಗ್ ಇಲ್ಲದೆ ಸೆನೆಟ್ ಇಲ್ಲ ಎಂಬುದು ಗೊತ್ತಿದ್ದ ವಿಚಾರವೇ. ಶಾಸನಸಭೆಯ ಕೆಳಮನೆಯಲ್ಲಿ ಎರಡು ಸಲ ಕೂತಾಯಿತು, ಈ ಸಲ ಮೇಲ್ಮನೆಗೆ ನಿಂತಿದ್ದ. ಮೇಲುಭಾಗದ ವೋಟುಗಳೆಲ್ಲ ಟೀಗ್ ಹೇಳಿದ ಕಡೆಗೆ ಬೀಳುತ್ತವೆ. ಹೋದ ತಿಂಗಳು ನದೀತೀರದಲ್ಲಿ ಇಡೀ ಹಂದಿಗಳನ್ನು ಸುಟ್ಟು ಊರಿಗೆಲ್ಲ ಉಣಿಸಿದ ದಿನ, ಟೀಗ್ ತನ್ನ ಡಾಕ್ಟರನ ಹೆಸರು ಸೂಚಿಸಿದ ಮೇಲೆ ಎಲ್ಲರೂ ಲೋಟ ಎತ್ತಿದರು. ಮೇಬ್ರಿಯೂ ಎತ್ತಿದ. ಬಲಗೈಯನ್ನು ಯಾರೋ ಹಿಡಿದು ಕುಲುಕುತ್ತಿದ್ದರಿಂದ ಎಡಗೈಯಲ್ಲಿ ಎತ್ತಿದ. ಲೋಟ ಕೆಳಗೆ ಬಿದ್ದು ಚೂರಾಗಿ ವ್ಹಿಸ್ಕಿ ಒಬ್ಬ ಹೆಂಗಸಿನ ಲಂಗಕ್ಕೆಲ್ಲ ಚಿಮ್ಮಿತು. ಡಾಕ್ಟರಿಗೆ ಮಧ್ಯಾಹ್ನಕ್ಕೇ ಏರಿದೆ ಎಂದು ಯಾರೋ ಕೂಗಿದರು. ಟೀಗ್ ಬೆನ್ನು ತಟ್ಟಿ, ನಮ್ಮ ಡಾಕ್ಟರೂ ಮನುಷ್ಯರೇ ಕಣ್ರಪ್ಪ ಎಂದ. ನೂರಾರು ಜನ ನಕ್ಕರು. ಅವತ್ತು ಅವನು ಒಂದು ತೊಟ್ಟೂ ಕುಡಿದಿರಲಿಲ್ಲ. ಆದರೂ ಕುಡಿದವನ ಹಾಗೆ ಒಂದು ಹೆಜ್ಜೆ ಓಲಾಡಿ ತೋರಿಸಿದ. ಕುಡುಕ ಅಂದರೆ ವೋಟು ಹಾಕುತ್ತಾರೆ, ಕೈ ಬಿದ್ದುಹೋದ ಡಾಕ್ಟರನಿಗೆ ಯಾರೂ ಹಾಕುವುದಿಲ್ಲ. ಓಲಾಡಿದ ಆ ಹೆಜ್ಜೆ ಈಗ ಕುದುರೆಯ ಮೇಲೆ ನೆನಪಾಗಿ ಅವನ ಮುಖ ಬಿಸಿಯಾಯಿತು.

ತಾನು ಕ್ರೂರಿಯಲ್ಲ ಎಂಬುದು ಮೇಬ್ರಿಗೆ ಬಹಳ ಮುಖ್ಯವಾಗಿತ್ತು. ತನ್ನ ಆಳುಗಳಿಗೆ ಚಳಿಗಾಲದಲ್ಲಿ ಉಣ್ಣೆಯ ಹೊದಿಕೆ ಕೊಡುತ್ತಿದ್ದ, ಹೆರಿಗೆಯಾದವಳಿಗೆ ತಿಂಗಳು ಪೂರ್ತಿ ಬಿಡುವು ಕೊಡುತ್ತಿದ್ದ. ಅದನ್ನೆಲ್ಲ ಒಂದೊಂದಾಗಿ ನೆನೆದುಕೊಂಡು ಮಲಗುವ ಅಭ್ಯಾಸವೂ ಇತ್ತು. ಹಾಗಿದ್ದ ಮೇಲೆ ರಾಜಧಾನಿ ಮಿಲೆಜ್‌ವಿಲ್‌ನ ಶಾಸನಸಭೆಯಲ್ಲಿ ಅವನು ಎದ್ದು ನಿಂತದ್ದು ಯಾಕೆ. ಯಾರೋ ಹಲ್ಲಿಲ್ಲದ ಮುದುಕ ಸದಸ್ಯ, ಆಳನ್ನು ಮಿತಿಮೀರಿ ಹೊಡೆದವನಿಗೆ ದಂಡ ಹೆಚ್ಚಿಸಬೇಕೆಂದು ಮಸೂದೆ ತಂದಿದ್ದ. ಸಭೆಯಲ್ಲಿ ಇದ್ದ ಒಬ್ಬನೇ ವೈದ್ಯ ತಾನು, ವೈದ್ಯರು ಏನನ್ನುತ್ತಾರೆ ಎಂದು ಯಾರೋ ಕೇಳಿದರು, ಕೇಳಿದ್ದಕ್ಕೆ ಉಬ್ಬಿಹೋದ. ಕರಿಯರ ನರಗಳು ಮಂದ, ಚಾಟಿಯೇಟು ನಮಗೆ ಆಗುವಂತೆ ಅವರಿಗೆ ಆಗುವುದಿಲ್ಲ, ನಾನೇ ಕೈಯಾರೆ ಒಬ್ಬನ ತೋಳು ಕತ್ತರಿಸಿದ್ದೇನೆ, ಅವನು ಚಕಾರ ಎತ್ತಲಿಲ್ಲ ಎಂದ. ಸಭೆ ನೆಲಕ್ಕೆ ಬೂಟು ಬಡಿದು ಮೆಚ್ಚಿತು. ಮಸೂದೆ ಬಿತ್ತು. ಪತ್ರಿಕೆಗಳಲ್ಲಿ ಹೆಸರು ಬಂತು. ತೋಳು ಕತ್ತರಿಸಿದ್ದು ನಿಜ, ಅವನು ಕೂಗದೆ ಇದ್ದದ್ದೂ ನಿಜ. ಬಾಯಿಗೆ ತೊಗಲು ತುರುಕಿ ನಾಲ್ವರು ಅವನ ಮೇಲೆ ಕೂತಿದ್ದರು ಎಂಬುದಷ್ಟೇ ಹೇಳುವುದಕ್ಕೆ ಬಿಟ್ಟುಹೋಗಿತ್ತು. ಕತ್ತರಿಸುವಷ್ಟು ಹೊತ್ತೂ ಆ ಮನುಷ್ಯ ಮೇಬ್ರಿಯ ಮುಖವನ್ನೇ ನೋಡುತ್ತಿದ್ದ. ಕಣ್ಣಿನ ಬಿಳಿಯಲ್ಲಿ ಒಂದು ಸಣ್ಣ ನರ ಒಡೆದು ಕೆಂಪು ಹರಡಿದ್ದು ಮೇಬ್ರಿಗೆ ಇವತ್ತಿಗೂ ನೆನಪಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮಾತು ಈಗ ಅವನದಾಗಿ ಉಳಿಯದೆ ಊರಿನದಾಗಿತ್ತು, ಸಂತೆಯಲ್ಲೂ ಚರ್ಚಿನ ಅಂಗಳದಲ್ಲೂ ಜನ ಅವನಿಗೇ ಅದನ್ನು ಒಪ್ಪಿಸುತ್ತಿದ್ದರು.

ಇನ್ನೊಂದು ಯೋಚನೆ ಇತ್ತು. ಅದು ಬಂದಾಗಲೆಲ್ಲ ಅವನು ಕುದುರೆಯನ್ನು ಜೋರಾಗಿ ಬಿಡುತ್ತಿದ್ದ, ಈಗಲೂ ಬಿಟ್ಟ. ಜೌಗಿನ ಜ್ವರಕ್ಕೆ ಮೇಬ್ರಿಯ ತೊಟ್ಟೇ ಮದ್ದು ಎಂದು ಜಿಲ್ಲೆಯಲ್ಲೆಲ್ಲ ಹೆಸರಾಗಿತ್ತು. ಪಾಷಾಣವನ್ನು ಕ್ಷಾರದಲ್ಲಿ ಕುದಿಸಿ, ಬಹಳ ತೆಳ್ಳಗೆ ಮಾಡಿ, ಲ್ಯಾವೆಂಡರ್ ಸೇರಿಸಿದರೆ ಗುಲಾಬಿ ಬಣ್ಣಕ್ಕೆ ತಿರುಗುವ ತೊಟ್ಟು. ಎಲ್ಲ ವೈದ್ಯರೂ ಕೊಡುವುದೇ. ಇವನದು ಸ್ವಲ್ಪ ಗಟ್ಟಿ. ಜ್ವರ ಬಂದವರು ಹತ್ತು ದಿನ ಕುಡಿದು ಬಿಡುತ್ತಿದ್ದರು. ಬಿಡದೆ ಕುಡಿದವರು ಇಬ್ಬರೇ. ಜ್ವರ ಮತ್ತೆ ಮತ್ತೆ ಮರುಕಳಿಸುತ್ತಿದ್ದುದರಿಂದ ಮೇಬ್ರಿ ತಾನೇ ವರ್ಷವಿಡೀ ಕುಡಿದಿದ್ದ. ಹೋದ ಬೇಸಗೆಯಲ್ಲಿ ಐಸಮ್ ಚಳಿಜ್ವರದಲ್ಲಿ ನಡುಗುತ್ತಿದ್ದಾನೆಂದು ಡಾರ್ಕಸ್ ಕಾಲು ಹಿಡಿದಾಗ, ಮನಸ್ಸು ಕರಗಿ, ಬುಡ್ಡಿಯ ಮೇಲೆ ಬುಡ್ಡಿ ಅವಳ ಕೈಯಲ್ಲಿ ಕಳಿಸುತ್ತ ಬಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಅವನ ಎಡಗೈ, ಐಸಮ್‌ನ ಪಾದ. ಎರಡನ್ನೂ ಒಟ್ಟಿಗಿಟ್ಟು ನೋಡಲು ವೈದ್ಯನೇ ಆಗಬೇಕಿರಲಿಲ್ಲ, ಮೇಬ್ರಿ ಮಾತ್ರ ಒಟ್ಟಿಗಿಟ್ಟು ನೋಡದೆ ದಿನ ದೂಡಿದ್ದ. ಊಹೂಂ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಎಂದು ಹೇಳಹೊರಟರೆ ಕೈ ಜೇಬಿನಿಂದ ಹೊರಗೆ ಬರಬೇಕು, ಕೈಯ ಹಿಂದೆ ಬುಡ್ಡಿಯೂ ಬರಬೇಕು. ಟೀಗ್‌ನ ಮನೆಯ ಬಿಳಿ ಕಂಬಗಳು ಕಾಣಿಸಿದವು. ದೂರದಿಂದಲೇ ಹ್ಯಾಟು ಎತ್ತಿ ಬೀಸಿದ.

ಹಿತ್ತಲಿನ ಓಕ್ ಮರದ ಕೆಳಗೆ ಐಸಮ್ ಮಗುಚಿಹಾಕಿದ ತೊಟ್ಟಿಯ ಮೇಲೆ ಕೂತಿದ್ದ. ದೊಡ್ಡ ಮೈಯ ಮನುಷ್ಯ, ಅರ್ಧ ನರೆತ ಗಡ್ಡ. ಎರಡೂ ಕೈಗಳಿಂದ ಮಂಡಿಗಳನ್ನು ಹಿಡಿದುಕೊಂಡಿದ್ದ, ಬಿಟ್ಟರೆ ಅವು ಎಲ್ಲಾದರೂ ಹೊರಟುಹೋದಾವು ಅನ್ನುವಂತೆ. ಪುದೀನ ತುರುಕಿದ ವ್ಹಿಸ್ಕಿ ಹಿಡಿದು ಕರ್ನಲ್ ಟೀಗ್ ಕುರ್ಚಿಯಲ್ಲಿ ಒರಗಿದ್ದ. ಪಕ್ಕದಲ್ಲಿ ಉತ್ತರದ ಕಡೆಯಿಂದ ಬಂದ ಕಂತ್ರಾಟುದಾರ, ಬೂಟಿನ ತುಂಬ ಜೌಗಿನ ಕೆಸರು, ತಂಬಾಕು ಜಗಿಯುತ್ತಿದ್ದ. ಸೆನೆಟರು ಬಂದರು ಎದ್ದು ನಿಲ್ಲಿ ಎಂದು ಟೀಗ್ ಕುಚೋದ್ಯ ಮಾಡಿದ, ತಾನು ಮಾತ್ರ ಏಳಲಿಲ್ಲ. ಇವನ ನಾಟಕಕ್ಕೆ ನೀವೇ ಪರದೆ ಎಳೆಯಬೇಕು ಎಂದ.

ಮೇಬ್ರಿ ಮಂಡಿಯೂರಿ, ಬಲಗೈಯೊಂದರಿಂದಲೇ ಐಸಮ್‌ನ ಪಾದ ಎತ್ತಿ ತೊಡೆಯ ಮೇಲಿಟ್ಟುಕೊಂಡು ನೋಡಿದ. ಅಂಗಾಲಿನಲ್ಲಿ ಅಂಡಾಕಾರದ ಸುಟ್ಟ ಗಾಯಗಳು, ಅರ್ಧ ಮಾಗಿ ಕೀವು ಕಟ್ಟಿದ್ದವು. ಮೊನ್ನೆ ಮೇಸ್ತ್ರಿ ಕಾದ ಸೌಟು ಇಟ್ಟು ನೋಡಿದ, ಬಡ್ಡೀಮಗ ಅಲ್ಲಾಡಲಿಲ್ಲ ಎಂದ ಟೀಗ್. ಕಂತ್ರಾಟುದಾರ ತಂಬಾಕು ಉಗಿದು, ಅಲ್ಲಾಡದಿದ್ದರೆ ಕಾಲು ಸತ್ತಿದೆ ಅಂತಲೇ ಅಲ್ಲವೇ ಎಂದು ಅನುಮಾನದಿಂದ ಕೇಳಿದ. ಮೇಬ್ರಿಯ ಎದೆ ಒಮ್ಮೆ ಹಗುರಾಯಿತು. ತಾನು ಬಾಯಿ ಬಿಡುವ ಮೊದಲೇ ಬಾಗಿಲನ್ನು ಇನ್ನೊಬ್ಬ ತೆರೆದಿದ್ದ, ಹೌದು ಅಂದರೆ ಮುಗಿಯಿತು.

“ನೀವು ಹೊರಗಿನೋರು, ನಿಮಗೆ ಗೊತ್ತಿಲ್ಲ,” ಎಂದು ಟೀಗ್ ನಕ್ಕ. “ನಮ್ ಡಾಕ್ಟ್ರು ಮಿಲೆಜ್‌ವಿಲ್‌ನಲ್ಲಿ ಹೇಳಿದ್ದು ಕೇಳಿಲ್ವಾ? ಇವ್ರ ನರ ನಮ್ ಥರ ಅಲ್ಲ. ಅಲ್ಲಾಡಿದ್ರೆ ಕಾಲು ನೆಟ್ಟಗಿದೆ ಅಂತ ಅರ್ಥ. ಅಲ್ಲಾಡದಿದ್ರೆ ಅವರು ಇರೋದೇ ಹಾಗೆ ಅಂತ ಅರ್ಥ. ಅಲ್ವಾ ಡಾಕ್ಟ್ರೇ?”

“ಹೌದು,” ಎಂದ ಮೇಬ್ರಿ. ಎಷ್ಟು ಸಲೀಸಾಗಿ ಬಂತು ಆ ಮಾತು. ತಲೆ ಬಗ್ಗಿಸಿಕೊಂಡು, ಕೊರಳಪಟ್ಟಿಯಿಂದ ಬೆಳ್ಳಿಯ ಪಿನ್ನು ಕಿತ್ತು, ಅಂಗಾಲಿನ ಗಾಯವಿಲ್ಲದ ಜಾಗ ಹುಡುಕಿ ಒತ್ತಿದ. ಪಿನ್ನು ಒಳಗೆ ಹೋಯಿತು. ಒಂದು ಹನಿ ರಕ್ತ ಬಂತು. ಐಸಮ್ ಪಾದವನ್ನು ನೋಡುತ್ತಿರಲಿಲ್ಲ, ಮೇಬ್ರಿಯ ಮುಖವನ್ನು ನೋಡುತ್ತಿದ್ದ. ಅಲ್ಲೇನಾಗುತ್ತಿದೆ ಎಂಬುದು ಅವನಿಗೆ ಗೊತ್ತಾಗುವ ದಾರಿ ಅದೊಂದೇ ಆಗಿತ್ತು. “ಚುಚ್ತಾ ಇದೀರಾ ಧಣಿ?” ಎಂದು ಮೆಲ್ಲಗೆ ಕೇಳಿದ. ಎಷ್ಟು ಚೆನ್ನಾಗಿ ಕಲಿತಿದ್ದಾನೆ ನೋಡಿ ಎಂದು ಟೀಗ್ ತೊಡೆ ತಟ್ಟಿಕೊಂಡ. ಮೇಬ್ರಿಗೆ ಮೊನ್ನೆಯ ಕೆಂಡದ ವಾಸನೆ ಮೂಗಿಗೆ ಬಂದಂತಾಯಿತು. ಈ ಮನುಷ್ಯನಿಗೆ ಆಗಿರುವುದು ಏನೆಂದು ಭೂಮಿಯ ಮೇಲೆ ತನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ ಎಂದು ಅನ್ನಿಸಿ, ಒಂದು ಕ್ಷಣ ಅವನ ಮಂಡಿಗೆ ಹಣೆಯಿಟ್ಟು ಅತ್ತುಬಿಡಬೇಕೆನ್ನಿಸಿತು. ಅದರ ಬದಲು ಪಿನ್ನನ್ನು ಕರವಸ್ತ್ರದಲ್ಲಿ ಒರೆಸಿಕೊಂಡ.

ನಡೆಸಿ ನೋಡೋಣ ಎಂದ ಕಂತ್ರಾಟುದಾರ. ಐಸಮ್ ಎದ್ದ. ಕಾಲುಗಳನ್ನು ಅಗಲಿಸಿ ನಿಂತು, ಕಣ್ಣನ್ನು ಪಾದಗಳಿಗೆ ನೆಟ್ಟು, ಒಂದನ್ನು ಅಳತೆ ಮೀರಿ ಎತ್ತಿ ನೆಲಕ್ಕೆ ಬಡಿದ; ಅದು ಬಿದ್ದಿದ್ದನ್ನು ಕಂಡ ಮೇಲೆ ಇನ್ನೊಂದನ್ನು ಎತ್ತಿದ. ಹಾಗೆಯೇ ನೆಲ ನೋಡುತ್ತ ನೋಡುತ್ತ ಬೇಲಿಯವರೆಗೆ ಹೋಗಿ ತಿರುಗಿ ಬಂದ. ಬೀಳಲಿಲ್ಲ. ಮೇಬ್ರಿಗೆ ಎಲ್ಲ ಅರ್ಥವಾಯಿತು. ತಾನು ಗುಂಡಿ ಹಾಕಿಕೊಳ್ಳುವ ಹಾಗೆ ಇವನು ನಡೆಯುತ್ತಿದ್ದಾನೆ. ಕಣ್ಣು ಬಿಟ್ಟುಕೊಟ್ಟರೆ ಕಾಲಿಲ್ಲ. ‘ತಲೆ ಎತ್ತು, ಆ ಕಂಬ ನೋಡಿಕೊಂಡು ನಡಿ’ ಎಂದು ಒಂದು ಮಾತು ಹೇಳಿದರೆ ಸಾಕು, ಎರಡು ಹೆಜ್ಜೆಯಲ್ಲಿ ಬೀಳುತ್ತಾನೆ. ಅದು ನಟನೆಯಲ್ಲ ಎಂದು ಮೂರ್ಖನಿಗೂ ಕಾಣುತ್ತದೆ. ಆದರೆ ಆ ಅಂಗಳದಲ್ಲಿ, ಆ ಜಿಲ್ಲೆಯಲ್ಲಿ, ತಲೆ ಎತ್ತಿ ನಡಿ ಎಂದು ಗುಲಾಮನಿಗೆ ಯಾರೂ ಯಾವತ್ತೂ ಹೇಳಿದ್ದಿಲ್ಲ. ತಲೆ ತಗ್ಗಿಸಿ ನಡೆಯುವುದನ್ನು ಅವರಿಗೆ ಹುಟ್ಟಿದಾಗಿನಿಂದ ಕಲಿಸಿದ್ದೇ ಅಲ್ಲವೇ. ತಗ್ಗಿದ ತಲೆಯಲ್ಲಿ ಕಾಯಿಲೆ ಯಾವುದು, ವಿಧೇಯತೆ ಯಾವುದು ಎಂದು ಈಗ ಯಾರು ಬೇರೆ ಮಾಡಿಯಾರು. ಮಾತು ನಾಲಿಗೆಯ ತುದಿಗೆ ಬಂತು. ನಿಮಗೆ ಹೇಗೆ ಗೊತ್ತಾಯ್ತು ಡಾಕ್ಟ್ರೇ ಎಂದು ಟೀಗ್ ಕೇಳಲಿರುವುದೂ ಅದರ ಬೆನ್ನಿಗೇ ಮನಸ್ಸಿಗೆ ಕೇಳಿಸಿತು.

“ಒಳ್ಳೇ ನಡತೆಯೋನು,” ಎಂದು ಅಷ್ಟರಲ್ಲಿ ಕಂತ್ರಾಟುದಾರನೇ ಮೆಚ್ಚಿಕೊಂಡ. “ಹೋದ್ ವರ್ಷದೋರು ಮುಖಕ್ಕೆ ಮುಖ ಕೊಟ್ಟು ನೋಡೋರು. ಇವನು ತಲೇನೇ ಎತ್ತಲ್ಲ.”

“ಸ್ನಾಯು ಗಟ್ಟಿಯಾಗಿದೆ,” ಎಂದ ಮೇಬ್ರಿ. ಅದು ಸುಳ್ಳಾಗಿರಲಿಲ್ಲ. ಸುಳ್ಳಲ್ಲದ ಮಾತೊಂದು ಸಿಕ್ಕಿದ್ದಕ್ಕೆ ಅವನಿಗೆ ಎಂಥದೋ ಹೇಸಿಗೆಯ ನೆಮ್ಮದಿಯಾಯಿತು. “ಮಂಡಿಯಲ್ಲೂ ದೋಷ ಇಲ್ಲ.”

ಅಂದರೆ ಹೂಂ ಅಂತಲೋ ಎಂದು ಟೀಗ್ ಕೇಳಿದ. ಹೂಂ ಎಂದ ಮೇಬ್ರಿ. ಅವರಿಬ್ಬರೂ ಕೈ ಕುಲುಕಿ, ಬಂಡಿ ಬೆಳಿಗ್ಗೆ ಯಾವ ಹೊತ್ತಿಗೆ ಬರಬೇಕೆಂದು ಮಾತಾಡುತ್ತ ಲೋಟಗಳ ಕಡೆ ತಿರುಗಿದರು. ಆಗ ಐಸಮ್ ತಲೆ ಎತ್ತಿದ. ಮೇಬ್ರಿಯ ಮುಖವನ್ನೊಮ್ಮೆ ಸರಿಯಾಗಿ ನೋಡಬೇಕೆನ್ನಿಸಿತೋ ಏನೋ, ಪಾದಗಳಿಂದ ಕಣ್ಣು ಕಿತ್ತು ಮೇಲಕ್ಕೆ ನೋಡಿದ. ನೋಡುತ್ತಿದ್ದಂತೆಯೇ ಬುಡ ಕಡಿದ ಹಾಗೆ ಪಕ್ಕಕ್ಕೆ ವಾಲಿ ಧೊಪ್ಪೆಂದು ಬಿದ್ದ. ಟೀಗ್ ಸದ್ದಿಗೆ ತಿರುಗಿ ನೋಡಿದ. ಹೂಂ ಅಂದ ತಕ್ಷಣ ಶುರು ಹಚ್ಚಿಕೊಂಡ ನೋಡಿ ಎಂದು ಹೊಟ್ಟೆ ಹಿಡಿದು ನಕ್ಕ. ಕಂತ್ರಾಟುದಾರನೂ ನಕ್ಕ. ಮೇಬ್ರಿ, ಏನು ಮಾಡುತ್ತಿದ್ದೇನೆಂದು ಯೋಚಿಸದೆ, ಜೇಬಿನಿಂದ ಕೈ ತೆಗೆದು ಕೆಳಗೆ 	ಚಾಚಿದ. ಎಡಗೈ. ಐಸಮ್ ಅದನ್ನು ಹಿಡಿದು ಭಾರ ಬಿಟ್ಟ. ಹಿಡಿತಕ್ಕೆ ಮರುಹಿಡಿತ ಬರಲಿಲ್ಲ. ಅವನು ಆ ಕೈಯನ್ನು ನೋಡಿದ, ಬೆರಳ ಸಂದಿಯ ಸುಟ್ಟ ಗುಳ್ಳೆಯನ್ನು ನೋಡಿದ.

“ನಿಮಗೂ ಬಂತಾ ಧಣಿ?” ಎಂದ.

ಅಷ್ಟು ಮೆಲ್ಲಗೆ ಕೇಳಿದ್ದ ಎಂದರೆ ಇನ್ನಾರಿಗೂ ಕೇಳಿಸಲಿಲ್ಲ. ದೂರಿರಲಿಲ್ಲ ಆ ಸ್ವರದಲ್ಲಿ. ಅಯ್ಯೋ ಪಾಪ ಅನ್ನುವಂಥ ಏನೋ ಇತ್ತು, ಮೇಬ್ರಿಗೆ ಅದನ್ನೇ ತಡೆಯಲಾಗಲಿಲ್ಲ. ಕೈ ಕಿತ್ತುಕೊಂಡ. ಐಸಮ್ ಮತ್ತೆ ನೆಲಕ್ಕೆ ಕೂತ.

ಊಟಕ್ಕೆ ನಿಲ್ಲಿ ಎಂದು ಟೀಗ್ ಬಲವಂತ ಮಾಡಿದ, ಸೆನೆಟ್ಟಿನ ಮಾತಾಡಿದ, ಮೇಲುಭಾಗದ ಒಂದು ವೋಟೂ ಆಚೀಚೆ ಹೋಗದು ಎಂದು ಎದೆ ಮುಟ್ಟಿ ಹೇಳಿದ. ಬೇಯಿಸಿದ ಕೋಳಿ, ಬೆಂಡೆಕಾಯಿ, ಕಳಿತ ಪೀಚ್ ಹಣ್ಣು. ಮೇಬ್ರಿ ಎಲ್ಲವನ್ನೂ ತಿಂದ. ಜೌಗಿನಲ್ಲಿ ಈ ಸಲ ಜ್ವರ ಜಾಸ್ತಿ, ನಿಮ್ಮ ತೊಟ್ಟು ಒಂದಷ್ಟು ಬೇಕಾಗುತ್ತದೆ ಎಂದು ಕಂತ್ರಾಟುದಾರ ಹೇಳಿದ್ದಕ್ಕೆ ಆಗಲಿ ಎಂದ. ಹಿಂದಿರುಗುವಾಗ ಹೊಲಗಳಲ್ಲಿ ಜನ ಸಾಲಾಗಿ ಕಳೆ ಕೀಳುತ್ತಿದ್ದರು, ಕುದುರೆ ಕಂಡು ಹ್ಯಾಟು ತೆಗೆದು ತಲೆ ತಗ್ಗಿಸಿದರು. ಒಬ್ಬೊಬ್ಬರ ತಲೆ ತಗ್ಗಿದಾಗಲೂ ಮೇಬ್ರಿ ಅವರ ಕಾಲು ನೋಡಿದ. ತಾನೀಗ ಹಿಂದಕ್ಕೆ ಹೋಗಬಹುದು. ಕುದುರೆ ತಿರುಗಿಸಿ, ಒಂದು ಪರೀಕ್ಷೆ ಮರೆತುಹೋಗಿತ್ತು ಎಂದು ಹೇಳಬಹುದು. ಬಂಡಿ ಬರುವುದು ಬೆಳಿಗ್ಗೆ. ಹೊಳೆಯ ಸೇತುವೆ ಬರುವವರೆಗೂ ಹೀಗೇ ಅಂದುಕೊಂಡ. ಸೇತುವೆ ದಾಟಿದ ಮೇಲೆ, ಈಗ ಬಹಳ ದೂರ ಬಂದಾಯಿತು ಎಂದುಕೊಂಡ. ನಿಜವಾಗಿ ಅಷ್ಟೇನೂ ದೂರವಾಗಿರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಡಾರ್ಕಸ್ ಏನೂ ಕೇಳಲಿಲ್ಲ. ಸಿಹಿಗೆಣಸು ಬಡಿಸಿದಳು, ಮಜ್ಜಿಗೆ ಇಟ್ಟಳು, ನೊಣ ಓಡಿಸುತ್ತ ನಿಂತಳು. ಅವಳು ಕೇಳಿದ್ದರೆ ಗದರಿಸಬಹುದಾಗಿತ್ತು. ಕೇಳದೆ ನಿಂತವಳನ್ನು ಏನು ಮಾಡಲಾಗುತ್ತದೆ. ಅವನೇ, ತುತ್ತು ಬಾಯಲ್ಲಿರುವಾಗಲೇ, “ನಡೆದ ಡಾರ್ಕಸ್. ನಾನೇ ಕಣ್ಣಾರೆ ನೋಡ್ದೆ. ಬೇಲಿ ತನಕ ಹೋಗಿ ಬಂದ,” ಎಂದ.

ನೊಣ ಓಡಿಸುತ್ತಿದ್ದ ಕೈ ನಿಂತಿತು. ಅವಳು ಕೇಳಿದಳು:

“ನೆಲ ನೋಡ್ಕಂಡು ನಡೆದ್ನಾ ಧಣಿ, ಮುಂದೆ ನೋಡ್ಕಂಡು ನಡೆದ್ನಾ?”

ಮೇಬ್ರಿ ತಲೆ ಎತ್ತಿದ. ಇವಳಿಗೆ ಗೊತ್ತಿದೆ. ಶನಿವಾರ ಸಂಜೆಗಳಲ್ಲಿ ಅವನು ದಾರಿಯಲ್ಲಿ ಬರುವುದನ್ನು ಕಾದು ನೋಡಿದವಳು ಇವಳು. ಮೊದಲು ಮುಂದೆ ನೋಡುತ್ತ ಬರುತ್ತಿದ್ದವನು ಯಾವತ್ತಿನಿಂದ ನೆಲ ನೋಡುತ್ತ ಬರತೊಡಗಿದ ಎಂದು ಇವಳು ಬಲ್ಲಳು. ನೆಲ ಅಂದರೆ ಮುಗಿಯಿತು, ನೆಲ ಅಂದರೆ ನೋಡಿಯೂ ಹೂಂ ಅಂದೆ ಎಂದು ಒಪ್ಪಿಕೊಂಡಂತೆ. ಇಷ್ಟು ವರ್ಷ ತನಗೆ ಉಣಬಡಿಸಿದ ಹೆಂಗಸಿನ ಮುಂದೆ ಈ ಒಂದು ಸಂಜೆ ಕೂತಿರುವುದಕ್ಕಾದರೂ ಒಂದು ಸುಳ್ಳು ಬೇಕಿತ್ತು ಅವನಿಗೆ.

“ಮುಂದೆ,” ಎಂದ.

“ಕರ್ನಲ್ ಎದುರಿಗೇನಾ?”

“ಅವರ ಎದುರಿಗೇ. ತಲೆ ಎತ್ಕೊಂಡು.”

ಅವಳ ಮುಖದಲ್ಲಿ ಆಮೇಲೆ ಆದದ್ದಕ್ಕೆ ಮೇಬ್ರಿ ಸಿದ್ಧನಾಗಿರಲಿಲ್ಲ. ಬಾಯಿಗೆ ಸೆರಗಿನ ಹಾಗೆ ಏಪ್ರನ್ನಿನ ತುದಿ ಒತ್ತಿಕೊಂಡಳು. ಅಳುತ್ತಾಳೆಂದು ಅವನು ಮುಖ ತಿರುಗಿಸುವಷ್ಟರಲ್ಲಿ ಅವಳು ನಗುತ್ತಿದ್ದಳು. ಈ ಮನೆಯಲ್ಲಿ ಇಷ್ಟು ವರ್ಷ ಇದ್ದೂ ಅವಳು ನಕ್ಕರೆ ಹೇಗಿರುತ್ತದೆಂದು ಅವನು ನೋಡಿರಲಿಲ್ಲ. ಹಾಗಾದರೆ ವಾಸಿಯಾಯಿತು, ಪಾದಕ್ಕೆ ಜೀವ ಬಂತು, ಕರ್ನಲ್ ಮುಂದೆ ತಲೆ ಎತ್ತಿ ನಡೆಯುವಷ್ಟು ಪೊಗರೂ ಬಂತು, ಹೊಡೆಸಿಕೊಳ್ಳುತ್ತಾನೆ ಪೆದ್ದ ಎಂದು ಒಂದೇ ಉಸಿರಿಗೆ ಅಂದಳು.

“ರೈಲು ಕೆಲಸ ಆದ್ರೂ ಆಗ್ಲಿ ಬಿಡಿ ಧಣಿ. ಮುಂದೆ ನೋಡ್ಕಂಡು ನಡಿಯೋನು ಎಲ್ಲಿಂದಾದ್ರೂ ನಡ್ಕಂಡು ಬತ್ತಾನೆ. ಕೂತೋಗಿದ್ರೆ ನನಗೆ ಭಯ ಇತ್ತು.” ಕಣ್ಣೊರೆಸಿಕೊಂಡಳು. “ನಿಮ್ ತೊಟ್ಟೇ ಕೈ ಹಿಡೀತು. ಬ್ಯಾಡ ಬ್ಯಾಡ ಅಂತಿದ್ದ ಅವನು, ನಾನೇ ಬೈದು ಬೈದು ಕುಡಿಸ್ತಿದ್ದೆ. ಬೆಳಿಗ್ಗೆ ಬಂಡಿ ಈ ದಾರೀಲೇ ಹೋಗ್ತದಂತೆ. ಇನ್ನೊಂದ್ ಬುಡ್ಡಿ ಕೊಟ್ರೆ ಕೈಗಿಡ್ತೀನಿ.”

ಈಗಲೂ ಒಂದು ಮಾತು ಆಡಬಹುದಿತ್ತು. ಔಷಧ ಮುಗಿದಿದೆ ಅಂದಿದ್ದರೂ ಸಾಕಾಗಿತ್ತು, ಅದಕ್ಕೆ ಧೈರ್ಯವೂ ಬೇಕಿರಲಿಲ್ಲ. ಮೇಬ್ರಿ ಎದ್ದು ಹೋಗಿ ಔಷಧದ ಬೀರು ತೆರೆದ. ಗುಲಾಬಿ ಬಣ್ಣದ ಬುಡ್ಡಿಗಳು ಸಾಲಾಗಿ ನಿಂತಿದ್ದವು. ಒಂದನ್ನು ಬಲಗೈಯಲ್ಲಿ ತೆಗೆದುಕೊಂಡು ಬಂದು ಕೊಟ್ಟ. ಡಾರ್ಕಸ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ತಟ್ಟೆ ತೆಗೆಯುವುದನ್ನೂ ಮರೆತು, ಹಿತ್ತಲಿಗೆ ಓಡಿದಳು. ಅವನು ಕೂತು ಉಳಿದ ಸಿಹಿಗೆಣಸನ್ನು ತಿನ್ನತೊಡಗಿದ. ಅಡುಗೆಮನೆಯ ಕಡೆಯಿಂದ ಅವಳು ಯಾರಿಗೋ ಹೇಳುತ್ತಿರುವುದು ಕೇಳಿಸಿತು: ತಲೆ ಎತ್ಕಂಡು ನಡೆದ್ನಂತೆ, ಕರ್ನಲ್ ಎದುರಿಗೇ, ಧಣಿನೇ ನೋಡಿದ್ರಂತೆ. ಕೇಳಿದ ಹೆಂಗಸು ನಂಬದೆ ಮತ್ತೊಮ್ಮೆ ಹೇಳಿಸಿದಳು. ಆಮೇಲೆ ಇಬ್ಬರೂ ನಕ್ಕರು.